ಬೀಗ ಬಿದ್ದ ಬಾಗಿಲು

ನಮ್ಮೂರ ಆರೋಗ್ಯ ಕೇಂದ್ರದ ಉದ್ಘಾಟನೆಗೆ ತಳಿರುತೋರಣ ಕಟ್ಟಿದವರಲ್ಲಿ ನಾನೂ ಒಬ್ಬ. ವರ್ಷ ಕಳೆಯುವುದರೊಳಗೆ ಬಾಗಿಲಿಗೆ ಬೀಗ ಬಿತ್ತು. ಆ ಮಳೆಗಾಲದಲ್ಲಿ ನೆರೆಮನೆಯ ಕೂಸು ಭೇದಿಯಿಂದ ತೀರಿಕೊಂಡಿತು. ಊರವರೊಡನೆ ನಾನೂ ಬೀಗವನ್ನೇ ಶಪಿಸಿದೆ.

ಆಮೇಲೆ ಮಹಾರಾಷ್ಟ್ರದ ಜಾಮ್‌ಖೇಡದ ವೃತ್ತಾಂತವನ್ನು ಓದಿದೆ. ಅಲ್ಲಿ 1970ರಲ್ಲಿ ಕೆಲಸ ಆರಂಭಿಸಿದ ಡಾಕ್ಟರ್ ಆರೋಳೆ ದಂಪತಿಗಳು, ಹಳ್ಳಿಗಳೇ ಆರಿಸಿ ಕಳುಹಿಸಿದ ಹೆಂಗಸರಿಗೆ ಹೆರಿಗೆ, ಶಿಶುಪೋಷಣೆ, ನೀರಿನ ಶುದ್ಧಿಗಳನ್ನು ಕಲಿಸಿದರು. ಅವರಲ್ಲಿ ಅನೇಕರು ಓದುಬರಹ ಬಾರದವರು. ಆದರೂ ಭೇದಿಯ ಕೂಸಿಗೆ ಉಪ್ಪುಸಕ್ಕರೆಯ ನೀರು ಕುಡಿಸಬೇಕೆಂಬುದನ್ನು ಅವರು ಬಲ್ಲರು, ಬಿ.ಎ. ತರಗತಿಯ ನಾನು ಅರಿಯೆ!

ಕಟ್ಟಡಕ್ಕೆ ಬೀಗ ಹಾಕಬಹುದು, ಕಲಿತವಳ ಕೈಗೆ ಹಾಕಲಾಗದು. ಈ ರಜೆಯಲ್ಲಿ ಊರವರನ್ನು ಕೇಳಬೇಕೆಂದಿದ್ದೇನೆ: ಡಾಕ್ಟರು ಬರುವ ತನಕ, ನಮ್ಮಲ್ಲಿ ಕಲಿಯುವವರು ಯಾರು?