ಹಗ್ಗ ಬಿಗಿದವರು

ಸಕಲೇಶಪುರದ ಹೊರವಲಯದಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಒಂದು ಟೈರಿನ ಅಂಗಡಿ ಇದೆ. ಅದರ ಮುಂದೆ ಸವೆದ ಟೈರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಸಂಜೆ ಐದು ಗಂಟೆ ಹೊಡೆಯಿತೆಂದರೆ ಮೂವರು ಮುದುಕರು ಎಲ್ಲಿಂದಲೋ ಬಂದು ಆ ಟೈರುಗಳ ಮೇಲೆ ಪೀಠಸ್ಥರಾಗುತ್ತಾರೆ. ಒಬ್ಬರು ಊರಿನವರೇ ಆದ ಗೌಡರು, ವಯಸ್ಸು ಎಪ್ಪತ್ತೆಂಟು. ಮತ್ತೊಬ್ಬರು ಹಾಸನದ ಸಾಬರು. ಮಗಳ ಮನೆಯಲ್ಲಿ ಬಂದು ನೆಲೆಸಿದವರು. ಮೂರನೆಯವರು ಪುತ್ತೂರಿನ ಕಡೆಯ ಶೆಟ್ಟರು. ಎಪ್ಪತ್ತು ಕಳೆದಿದ್ದರೂ ಮೂವರಲ್ಲಿ ಕಿರಿಯರಾದ್ದರಿಂದ ಚಹ ತರುವ ಕೆಲಸ ಅವರದೇ. ಮೂವರೂ ಲಾರಿ ಓಡಿಸಿ ಕೂದಲು ನರೆಸಿಕೊಂಡವರು. ಬಾಯಿ ಏನು ಮಾತನಾಡುತ್ತಿದ್ದರೂ ಅವರ ಕಣ್ಣು ಮಾತ್ರ ರಸ್ತೆಯನ್ನು ಬಿಡುವುದಿಲ್ಲ.

ಪಟ್ಟಣದಲ್ಲಿ ವಾಸಿಸುವ ನಮ್ಮಂಥವರಿಗೆ ಲಾರಿಯೆಂದರೆ ಹಿಂದಿನಿಂದ ಬಂದು ಕಿವಿ ಹರಿಯುವಂತೆ ಹಾರನ್ನು ಬಾರಿಸುವ ಒಂದು ಪೀಡೆ. ಅಡಿಗೆಮನೆಯ ಅಕ್ಕಿ, ತಲೆಯ ಮೇಲಿನ ಹಂಚು, ಮಕ್ಕಳ ಪುಸ್ತಕದ ಕಾಗದ, ಇವೆಲ್ಲ ಒಂದಲ್ಲ ಒಂದು ರಾತ್ರಿ ಯಾರೋ ನಿದ್ದೆಗೆಟ್ಟು ಘಾಟಿ ಹತ್ತಿಸಿ ತಂದವು ಎಂಬ ನೆನಪು ಬರುವುದು ಅಪರೂಪ. ಮುದುಕರು ಅದಕ್ಕಾಗಿ ಯಾರ ಮೇಲೂ ಮುನಿಸಿಕೊಂಡಿಲ್ಲ. ಅವರ ಜಗಳವೆಲ್ಲ ತಮ್ಮತಮ್ಮಲ್ಲೇ.

ಗೌಡರು ಬೆಂಜ್ ಪಕ್ಷ. ಸಾಬರು ಲೇಲ್ಯಾಂಡ್ ಪಕ್ಷ. 1954ರಲ್ಲಿ ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯೊಡನೆ ಕೂಡಿ ಜಮ್ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿದಾಗ ಗಾಡಿಯ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿತ್ತು. 1969ರಲ್ಲಿ ಒಪ್ಪಂದದ ಅವಧಿ ಮುಗಿಯಿತು. ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂದಿತು. ಚಾಲಕರ ಬಾಯಲ್ಲಿ ಮಾತ್ರ ಅದು ಬಹುಕಾಲ ‘ಬೆಂಜ್ ಗಾಡಿ’ಯಾಗಿಯೇ ಉಳಿಯಿತು. ಗೌಡರು ಓಡಿಸಿದ್ದು 1210. ಈ ಸಂಖ್ಯೆಯೇ ಗಾಡಿಯ ಜಾತಕ: ಹೊರೆಯೂ ಸೇರಿ ಒಟ್ಟು ತೂಕ ಹನ್ನೆರಡು ಟನ್ನು, ಯಂತ್ರದ ಬಲ ನೂರು ಕುದುರೆ. ಸಾಬರದು ಮದರಾಸಿನ ಎಣ್ಣೂರಿನಲ್ಲಿ ತಯಾರಾದ ಕಾಮೆಟ್. ಆ ಇಂಗ್ಲಿಷು ಹೆಸರಿಗೆ ಕನ್ನಡದಲ್ಲಿ ಧೂಮಕೇತುವೆಂದು ಅರ್ಥ. ಹಳೆಯದಾದ ಮೇಲೆ ಘಾಟಿಯ ಏರಿನಲ್ಲಿ ಅದು ಬಿಡುತ್ತಿದ್ದ ಹೊಗೆಯನ್ನು ಕಂಡವರು ಕನ್ನಡದ ಹೆಸರೇ ಹೆಚ್ಚು ಒಪ್ಪುತ್ತದೆನ್ನುತ್ತಿದ್ದರು. ಎರಡರಲ್ಲಿ ಯಾವುದು ಮೇಲು ಎಂಬ ಇವರ ವಾದ, ಪಂಪ ಹೆಚ್ಚೋ ರನ್ನ ಹೆಚ್ಚೋ ಎಂಬ ವಾದದಂತೆ, ಎಂದೂ ತೀರ್ಮಾನವಾಗದ್ದು. ತೀರ್ಮಾನವಾಗಲೆಂದು ಯಾರಿಗೂ ಇಚ್ಛೆಯಿಲ್ಲದ್ದು.

ಆಗ ಕಾರ್ಖಾನೆಯಿಂದ ಬರುತ್ತಿದ್ದುದು ಇಡೀ ಲಾರಿಯಲ್ಲ. ಚೌಕಟ್ಟು, ಯಂತ್ರ, ಗಾಲಿ, ಸ್ಟೀರಿಂಗು, ಇಷ್ಟೆ. ಮೇಲೆ ಗೂಡಿಲ್ಲ, ಮುಂದೆ ಗಾಜಿಲ್ಲ. ಸಾಬರು ಒಮ್ಮೆ ಅಂಥ ಬೆತ್ತಲೆ ಗಾಡಿಯನ್ನು ದಿನಗಟ್ಟಲೆ ಓಡಿಸಿಕೊಂಡು ಬಂದಿದ್ದಾರೆ. ಕೂಡುವುದಕ್ಕೆ ಹಗ್ಗದಲ್ಲಿ ಬಿಗಿದ ಒಂದು ಮರದ ಪೆಟ್ಟಿಗೆ. ಮುಖಕ್ಕೆ ಸುತ್ತಿದ ಬಟ್ಟೆ. ಬಿಸಿಲು, ಮಳೆ, ಹುಳು, ಎಲ್ಲವೂ ನೇರವಾಗಿ ಮುಖಕ್ಕೆ. ಊರು ಮುಟ್ಟಿದ ಮೇಲೆ ಬಡಗಿಗಳು ಮರದಲ್ಲಿ ಗೂಡನ್ನೂ ಬಾಡಿಯನ್ನೂ ಕಟ್ಟುತ್ತಿದ್ದರು. ಗೂಡಿನೊಳಗೆ ಯಂತ್ರದ ಕಾವು ಒಲೆಯ ಮುಂದೆ ಕುಳಿತಂತೆ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಗೂಡಿಗೆ ಹವಾನಿಯಂತ್ರಣ ಇರಲೇಬೇಕೆಂದು ಸರ್ಕಾರ ನಿಯಮ ಮಾಡಿರುವ ಸುದ್ದಿಯನ್ನು ಶೆಟ್ಟರು ಓದಿ ಹೇಳಿದಾಗ ಸಾಬರು ಬಹಳ ಹೊತ್ತು ನಕ್ಕರು. ಆಮೇಲೆ, “ಒಳ್ಳೇದೇ ಆಯ್ತು ಬಿಡಿ. ನಮ್ಮ ಬೆನ್ನು ಬೆಂದಿದ್ದು ಸಾಕು,” ಎಂದರು.

ಆದರೆ ಮೂವರ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಹೊರೆಯ ಹತ್ತಿರ. ಗಾಡಿ ಓಡಿಸುವುದನ್ನು ಯಾರಾದರೂ ಕಲಿತಾರು, ಹೊರೆ ಕಟ್ಟುವುದು ಮಾತ್ರ ವಿದ್ಯೆ ಎಂಬುದು ಅವರ ಸಿದ್ಧಾಂತ.

ಒಂದೊಂದು ಸರಕಿಗೆ ಒಂದೊಂದು ಕಟ್ಟು. ಮಂಗಳೂರು ಹಂಚನ್ನು ಮಲಗಿಸುವಂತಿಲ್ಲ. ಅಂಚಿನ ಮೇಲೆ ನಿಲ್ಲಿಸಿ, ನಡುನಡುವೆ ಒಣಹುಲ್ಲು ತುರುಕಿ, ಒಂದಕ್ಕೊಂದು ಒತ್ತಿ ಜೋಡಿಸಬೇಕು. “ಹಂಚಿಗೆ ಹಂಚೇ ಹಗ್ಗ,” ಎನ್ನುತ್ತಾರೆ ಶೆಟ್ಟರು. ಮರದ ದಿಮ್ಮಿಗಾದರೆ ಸರಪಣಿ. ಸರಪಣಿಯ ನಡುವೆ ಒಂದು ಗಟ್ಟಿ ಗಳು ತೂರಿಸಿ ತಿರುವಿ ಬಿಗಿದು, ಆ ಗಳುವನ್ನೇ ಮತ್ತೆ ಕಟ್ಟಿಹಾಕಬೇಕು. ಅದು ಕೈಜಾರಿ ಹಿಂದಕ್ಕೆ ತಿರುಗಿದರೆ ದವಡೆ ಮುರಿಯುವುದು ಖಂಡಿತ. ಕಬ್ಬಿಣದ ಮೇಲೆ ಕಬ್ಬಿಣವನ್ನು ಇಡಲೇಬಾರದು, ಜಾರುತ್ತದೆ. ನಡುವೆ ಮರದ ಹಲಗೆಯಾದರೂ ಬೇಕು, ಗೋಣಿಯಾದರೂ ಬೇಕು. ಕುದುರೆಮುಖದ ಗಣಿ ಕಂಪನಿ 1976ರಲ್ಲಿ ಹುಟ್ಟಿತಷ್ಟೆ. ಅಲ್ಲಿಗೆ ಭಾರಿ ಯಂತ್ರಗಳನ್ನು ಟ್ರೈಲರುಗಳಲ್ಲಿ ಸಾಗಿಸಿದ ದಿನಗಳಲ್ಲಿ ಶೆಟ್ಟರು ಎರಡನೆಯ ಚಾಲಕರಾಗಿದ್ದರು. ತಿರುವಿನಲ್ಲಿ ಟ್ರೈಲರಿನ ಹಿಂಗಾಲಿಗಳು ಮುಂಗಾಲಿಗಳ ಜಾಡಿನಲ್ಲಿ ಬರುವುದಿಲ್ಲ. ಒಳಗಡೆಗೆ ಕೊರೆದುಕೊಂಡು ಬರುತ್ತವೆ. ಒಬ್ಬನು ಇಳಿದು ಗಾಲಿಯ ಪಕ್ಕದಲ್ಲೇ ನಡೆಯುತ್ತ, ಕಂದಕದ ಅಂಚಿಗೆ ಎಷ್ಟು ಗೇಣು ಉಳಿದಿದೆಯೆಂದು ಕೂಗಿ ಹೇಳಬೇಕು. ಆ ಒಬ್ಬನು ಹಲವು ಸಲ ಶೆಟ್ಟರೇ.

ಮೂಟೆಗಳ ಹೊರೆಗೆ ಹಗ್ಗವೇ ಗತಿ. ಮೂಟೆಗಳನ್ನು ಇಟ್ಟಿಗೆಯ ಗೋಡೆಯಂತೆ ಸಂದು ತಪ್ಪಿಸಿ ಜೋಡಿಸಿ, ಮೇಲೆ ತಾರ್ಪಾಲು ಹೊದಿಸಿ, ಅದರ ಮೇಲೆ ಹಗ್ಗ. ಮೇಲಿನಿಂದ ಇಳಿದ ಹಗ್ಗದ ನಡುವೆ ಒಂದು ಕುಣಿಕೆ ಹಾಕಿ, ತುದಿಯನ್ನು ಬಾಡಿಯ ಕೆಳಗಿನ ಕೊಕ್ಕೆಗೆ ಸುತ್ತಿ, ಮೇಲೆ ತಂದು ಕುಣಿಕೆಯೊಳಗೆ ತೂರಿಸಿ, ಮತ್ತೆ ಕೆಳಕ್ಕೆ ಜಗ್ಗುವುದು. ಕುಣಿಕೆಯೂ ಕೊಕ್ಕೆಯೂ ಬಾವಿಯ ರಾಟೆಗಳಂತೆ ಕೆಲಸ ಮಾಡಿ, ಒಬ್ಬನು ಜಗ್ಗಿದ್ದು ಲೆಕ್ಕಕ್ಕೆ ಮೂವರು ಜಗ್ಗಿದಂತಾಗುತ್ತದೆ. ತಿಕ್ಕಾಟದಲ್ಲಿ ಒಂದಿಷ್ಟು ಸೋರಿಹೋದರೂ ಲಾಭವೇ. ಬಿಚ್ಚುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಇದು ಲಾರಿಯೊಡನೆ ಬಂದ ಗಂಟಲ್ಲ. ಗೌಡರು ಇದನ್ನು ತಂದೆಯ ಹುಲ್ಲಿನ ಗಾಡಿಯ ಮೇಲೆ ಕಲಿತವರು. ಎತ್ತು ಹೋಯಿತು, ಗಂಟು ಉಳಿಯಿತು.

ಈ ಕೆಲಸವೆಲ್ಲ ಕ್ಲೀನರನದು. ‘ಕ್ಲೀನರ್’ ಎಂಬ ಹೆಸರಿಟ್ಟವನು ಅವನಿಗೆ ನ್ಯಾಯ ಮಾಡಲಿಲ್ಲ. ಗಾಡಿ ತೊಳೆಯುವುದು ಅವನ ಕೆಲಸಗಳಲ್ಲಿ ಅತ್ಯಂತ ಹಗುರವಾದದ್ದು. ಏರಿನಲ್ಲಿ ಗಾಡಿ ಹಿಂದಕ್ಕೆ ಸರಿದರೆ ಹಾರಿ ಇಳಿದು ಗಾಲಿಗೆ ಕಲ್ಲು ಕೊಡುವವನು ಅವನು. ಎರಡು ಕಾಲನ್ನೂ ಬಾಡಿಗೆ ಒದ್ದುಕೊಟ್ಟು, ಮೈಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟು ಬಿಗಿಯುವವನು ಅವನು. ರಾತ್ರಿ ಮೂಟೆಗಳ ಮೇಲೆ ಮಲಗಿ ಸರಕು ಕಾಯುವವನೂ ಅವನೇ.

ಹಗ್ಗಕ್ಕೆ ಒಂದು ಗುಣವಿದೆ. ನೈಲಾನು ಬಂದ ಮೇಲೆ ಹುಟ್ಟಿದವರಿಗೆ ಅದು ತಿಳಿಯದು. ನಾರಿನ ಹಗ್ಗ ನೆನೆದರೆ ಉಬ್ಬಿ ಉದ್ದದಲ್ಲಿ ಕುಗ್ಗುತ್ತದೆ. ಒಣಗಿದರೆ ಮತ್ತೆ ಸಡಿಲುತ್ತದೆ. ಮಂಗಳೂರಿನಿಂದ ಮಳೆಯಲ್ಲಿ ಶಿರಾಡಿ ಘಾಟಿ ಹತ್ತಿದ ಲಾರಿಯ ಹಗ್ಗವನ್ನು ಬೆರಳಲ್ಲಿ ಮೀಟಿದರೆ ತಂಬೂರಿಯಂತೆ ಮಿಡಿಯುತ್ತಿತ್ತು. ಅದೇ ಹಗ್ಗ ಹಾಸನದ ಬಿಸಿಲಿಗೆ ಬಂದರೆ ಜೋಲು ಬೀಳುತ್ತಿತ್ತು. ಜೊತೆಗೆ, ಕುಲುಕಾಟಕ್ಕೆ ಮೂಟೆಗಳು ತಾವಾಗಿಯೇ ಅಡಗಿ ಕೆಳಗೆ ಕೂಡುತ್ತವೆ. ಆದ್ದರಿಂದ ಘಾಟಿ ಮುಗಿದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ನೋಡುವುದು ಪದ್ಧತಿ.

ಕಳೆದ ಮಳೆಗಾಲದ ಒಂದು ಸಂಜೆ ಮಾತು ಇಲ್ಲಿಗೆ ಬಂದಿತ್ತು. ಶೆಟ್ಟರು ತಮ್ಮ ಎಂದಿನ ಖಚಿತ ಧ್ವನಿಯಲ್ಲಿ, “ಹಗ್ಗ ಸಡಿಲ ಆಯ್ತೂಂದ್ರೆ ಅದು ಕ್ಲೀನರಿನ ತಪ್ಪೇ. ಬೇರೆ ಮಾತಿಲ್ಲ,” ಎಂದರು.

ಗೌಡರು ಚಹದ ಲೋಟವನ್ನು ಕೆಳಗಿಟ್ಟರು. “ಹಂಗನ್ಬೇಡಿ ಶೆಟ್ರೇ,” ಎಂದರು.

ಅದು 1973ನೆಯ ಇಸವಿಯ ಆಗಸ್ಟ್ ತಿಂಗಳು. ಮಂಗಳೂರಿನಿಂದ ಬೆಂಗಳೂರಿಗೆ ಅಡಕೆಯ ಮೂಟೆಗಳು. ರಾತ್ರಿಯಿಡೀ ಮಳೆಯಲ್ಲಿ ಘಾಟಿ ಹತ್ತಿ ಸಕಲೇಶಪುರ ಸೇರಿ, ಬೆಳಗ್ಗೆ ಒಂದಿಷ್ಟು ಕಣ್ಣು ಮುಚ್ಚಿ ಏಳುವಾಗ ಮಳೆ ನಿಂತು ಚುರುಕಾದ ಬಿಸಿಲು ಬಿದ್ದಿತ್ತು. ಹೊರಡುವಾಗ ಹತ್ತು ಗಂಟೆ. ಕತ್ತಲಾಗುವುದರೊಳಗೆ ಬೆಂಗಳೂರು ಮುಟ್ಟಿದರೆ ಮರುದಿನವೇ ವಾಪಸು ಲೋಡು ಸಿಗುವುದಿತ್ತು. ಹದಿನಾರು ವರ್ಷದ ಹುಡುಗ ಗಾಡಿಯ ಸುತ್ತ ಒಂದು ಸಲ ಬಂದು, “ಅಣ್ಣಾ, ಹಗ್ಗ ಸಡಿಲ ಆಗ್ತಾ ಐತೆ. ಒಂದು ಗಳಿಗೆ ತಡೀರಿ, ಬಿಗೀತೀನಿ,” ಎಂದ. ಗೌಡರು ಯಂತ್ರ ಚಾಲೂ ಮಾಡಿ ಕುಳಿತಿದ್ದರು. “ಹಾಸನದಲ್ಲಿ ನೋಡೋಣ, ಹತ್ತು,” ಎಂದರು. ನಿದ್ದೆಗೆಟ್ಟಿದ್ದ ಹುಡುಗ ಮೇಲೆ ಹತ್ತಿ ಮಲಗಿದ.

ಹಾಸನ ಬರಲಿಲ್ಲ. ಆಲೂರಿನ ಸಮೀಪ ಒಂದು ತಿರುವಿನಲ್ಲಿ ದನಗಳು ಅಡ್ಡ ಬಂದವು. ಬ್ರೇಕು ಒತ್ತಿ ಬಲಕ್ಕೆ ತಿರುಗಿಸಿದಾಗ ಗಾಡಿ ತಿರುಗಿತು, ಹೊರೆ ತಿರುಗಲಿಲ್ಲ. ಕೊಕ್ಕೆಯಿಂದ ಹಗ್ಗ ಕಳಚಿ ಎಡಗಡೆಯ ಮೂಟೆಗಳು ಉರುಳಿದವು, ಅವುಗಳೊಡನೆ ಹುಡುಗನೂ. ತೊಡೆಯ ಎಲುಬು ಮುರಿದಿತ್ತು. ಹಿಂದೆ ಬಂದ ಲಾರಿಯೊಂದರಲ್ಲಿ ಮಲಗಿಸಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಒಂದು ಕಾಲು ಗಿಡ್ಡವಾಯಿತು.

“ಧಣಿ ಬಂದು, ಹಗ್ಗ ಕಟ್ಟಿದ್ದು ಯಾರು ಅಂತ ಕೇಳಿದರು. ಹುಡುಗ ಕಟ್ಟಿದ್ದು ಅಂದೆ,” ಎಂದರು ಗೌಡರು.

ಮಾತು ಸುಳ್ಳಲ್ಲ. ಹಗ್ಗ ಕಟ್ಟಿದವನು ಹುಡುಗನೇ. ಕುರುಕ್ಷೇತ್ರದಲ್ಲಿ ಧರ್ಮರಾಯನ ಬಾಯಿಂದ ಬಂದ ಮಾತೂ ಅಕ್ಷರಶಃ ಸುಳ್ಳಾಗಿರಲಿಲ್ಲ. ಧಣಿ ಹುಡುಗನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಮಂಚದ ಮೇಲೆ ಮಲಗಿದ್ದ ಹುಡುಗ ಗೌಡರ ಮುಖ ನೋಡಿದನೇ ಹೊರತು ಒಂದು ಮಾತೂ ಆಡಲಿಲ್ಲ.

“ಈಗ ಎಲ್ಲಿದ್ದಾನೆ?” ಎಂದು ಸಾಬರು ಕೇಳಿದರು.

“ಬಾಣಾವರದ ಕಡೆಯವನು. ಅಲ್ಲೇ ರಸ್ತೆ ಬದೀಲಿ ಚಹದ ಅಂಗಡಿ ಇಟ್ಟ ಅಂತ ಕೇಳಿದ್ದೆ. ಆ ದಾರೀಲಿ ಎಷ್ಟೋ ಸಲ ಲೋಡು ಹೊತ್ತು ಹೋಗಿದ್ದೀನಿ ಸಾಬ್ರೇ. ಅಂಗಡೀನೂ ಕಂಡಿದ್ದೀನಿ. ಗಾಡಿ ನಿಲ್ಲಿಸಲಿಲ್ಲ.”

ಶೆಟ್ಟರು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಹೆದ್ದಾರಿಯಲ್ಲಿ ಕಂಟೈನರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಉಕ್ಕಿನ ಪೆಟ್ಟಿಗೆ, ಬಾಗಿಲಿಗೆ ಮೊಹರು; ಒಳಗಿರುವ ಸರಕನ್ನು ಓಡಿಸುವವನು ಕಣ್ಣಾರೆ ಕಂಡಿರಬೇಕೆಂಬುದೇನೂ ಇಲ್ಲ. ಘಾಟಿಯೂ ಹಿಂದಿನದಲ್ಲ, 2015ರಲ್ಲಿ ಒಂದು ಸಲ, 2018ರಲ್ಲಿ ಒಂದು ಸಲ ಮುಚ್ಚಿ ಕಾಂಕ್ರೀಟು ಹಾಸಿದ್ದಾರೆ. ಎಷ್ಟೋ ಲಾರಿಗಳಲ್ಲಿ ಈಗ ಕ್ಲೀನರನೇ ಇಲ್ಲ. ಅವನ ಸಂಬಳ ಉಳಿಯಿತೆಂದು ಮಾಲೀಕರಿಗೆ ಸಮಾಧಾನ.

ಅಷ್ಟರಲ್ಲಿ ಕರಾವಳಿಯ ಕಡೆಯಿಂದ ಬಂದ ತೆರೆದ ಬಾಡಿಯ ಲಾರಿಯೊಂದು ಗಾಳಿ ತುಂಬಿಸಲು ಅಂಗಡಿಯ ಮುಂದೆ ನಿಂತಿತು. ತಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಳಿದವನು ಇಪ್ಪತ್ತೈದರ ತರುಣ, ಒಬ್ಬನೇ. ಗೌಡರು ಎದ್ದು ಹೋಗಿ ಹಗ್ಗಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತುತ್ತ ನಡೆದರು. ಹಿಂಗಾಲಿಯ ಮೇಲಿನದೊಂದು ಒತ್ತಿದಷ್ಟೂ ಒಳಕ್ಕೆ ಹೋಯಿತು.

“ಇದು ಸಡಿಲ ಐತಲ್ಲೋ ಮಗಾ.”

ತರುಣ ಗಡಿಯಾರ ನೋಡಿಕೊಂಡ. “ಹಾಸನದಲ್ಲಿ ನೋಡ್ಕೋತೀನಿ ಬಿಡಿ ತಾತ.”

ಗೌಡರು ಹಗ್ಗವನ್ನು ಬಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನಿಂತರು. ತರುಣ ಒಮ್ಮೆ ಅವರನ್ನೂ ಒಮ್ಮೆ ಗಾಡಿಯನ್ನೂ ನೋಡಿ, “ಒಬ್ಬನೇ ಇದ್ದೀನಿ ತಾತ, ಜಗ್ಗೋರು ಯಾರು?” ಎಂದ.

ಸಾಬರು ಆಗಲೇ ಎದ್ದಿದ್ದರು. ಶೆಟ್ಟರು ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಬಂದು ಹಗ್ಗದ ತುದಿಗೆ ಕೈ ಹಚ್ಚಿದರು. ಗೌಡರು ಗಂಟನ್ನು ಬಿಚ್ಚಿ, ಹೊಸದಾಗಿ ಕುಣಿಕೆ ಹಾಕಿ, ತುದಿಯನ್ನು ಕೊಕ್ಕೆಗೆ ಸುತ್ತಿ ಮೇಲೆ ತಂದು ತೂರಿಸಿದರು.

“ಹೂಂ, ಜಗ್ಗಿ,” ಎಂದರು.