ತಿರುಗದ ಗುಂಡಿ

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಡೆಡ್‌ಲೈನು, ರಿಲೀಸು ಅಂತ ಹಳೇ ನೆಪಗಳನ್ನೇ ಮತ್ತೆ ಹೇಳೋದಿಲ್ಲ ಬಿಡಿ. ಹೋದ ತಿಂಗಳು ಅಪ್ಪನ ಜೊತೆ ಹಂಪಿಗೆ ಹೋಗಿ ಬಂದೆ. ಫೋಟೋ ಎಲ್ಲಿ ಅಂತ ಕೇಳ್ಬೇಡಿ, ಕಥೆಯೇ ಅದು.

ನನ್ನ ಹತ್ರ ಇರೋದು ಅಪ್ಪನ ಹಳೇ ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಬಂದ ಮಾಡೆಲ್. ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಿರೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಅದಕ್ಕೊಂದು ಸ್ವಿಚ್ಚೂ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕದಿದ್ರೆ ಬ್ಯಾಟರಿ ಸುಮ್ನೆ ಖಾಲಿಯಾಗ್ತಿರತ್ತೆ. ರೋಲು, ತೊಳೆಸೋದು, ಸ್ಕ್ಯಾನು ಎಲ್ಲ ಸೇರಿ 36 ಫೋಟೋಗೆ ಸಾವಿರ ರೂಪಾಯಿ ದಾಟತ್ತೆ. ಹುಚ್ಚೇ, ಒಪ್ಕೋತೀನಿ. ಆದ್ರೆ ಫೋನಲ್ಲಿ ಒಂದೇ ಕಂಬಕ್ಕೆ ಹನ್ನೆರಡು ಫೋಟೋ ತೆಗೆದು ಒಂದನ್ನೂ ಮತ್ತೆ ನೋಡದವನು ನಾನು. ಇದರಲ್ಲಾದ್ರೆ ಕಂಬದ ಸುತ್ತ ಎರಡು ಸಲ ಓಡಾಡಿ ಆಮೇಲೆ ಒಂದು ಕ್ಲಿಕ್.

ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬೆಳಗ್ಗೆ ಹೊಸಪೇಟೆಗೆ ಇಳಿದು, ಲಾಡ್ಜಲ್ಲಿ ರೋಲ್ ಹಾಕ್ತಾ ಕೂತಿದ್ದೆ. "ಎರಡು ಸಲ ಲಿವರ್ ಎಳೆದು, ಎಡಗಡೆ ಗುಂಡಿ ತಿರುಗತ್ತಾ ನೋಡ್ಕೊಳೋ" ಅಂದ್ರು ಅಪ್ಪ.

"ನಂಗೊತ್ತು ಬಿಡಪ್ಪಾ."

ಆ ಧ್ವನಿ ನಿಮಗೂ ಗೊತ್ತಿರತ್ತೆ. ಮನೆಯವರು ಮೂರನೇ ಸಲ ವಾಟ್ಸಾಪ್ ಸೆಟ್ಟಿಂಗ್ ಕೇಳಿದಾಗ ನಮ್ಮ ಬಾಯಿಂದ ಬರತ್ತಲ್ಲ, ಅದೇ.

ಫೋನನ್ನ ಬೇಕಂತಲೇ ಲಾಡ್ಜಲ್ಲಿ ಚಾರ್ಜಿಗೆ ಬಿಟ್ಟೆ. (ಜಂಬ!) ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಅಪ್ಪನ್ನ ನಿಲ್ಲಿಸಿ ನೋಡಿದ್ರೆ ಮೀಟರಿನ ಮುಳ್ಳು ಅಲ್ಲಾಡ್ತಿಲ್ಲ. ಅಪ್ಪ ಆಕಾಶ ನೋಡಿದ್ರು. "ಒಳ್ಳೇ ಬಿಸಿಲು, 200ರ ಫಿಲ್ಮು. ಎಫ್ 16, 250ರಲ್ಲಿ ಹೊಡಿ." ಮಧ್ಯಾಹ್ನ ವಿರೂಪಾಕ್ಷ. ಅಲ್ಲಿ ಕತ್ತಲೆ ಕೋಣೆಯ ಗೋಡೆ ಮೇಲೆ ಒಂಬತ್ತು ನೆಲೆಯ ಗೋಪುರ ತಲೆಕೆಳಗಾಗಿ ಬೀಳತ್ತೆ. ಸಣ್ಣ ಕಿಂಡಿಯಿಂದ ಬರೋ ಬೆಳಕು, ಅಷ್ಟೇ. ಕ್ಯಾಮೆರಾದ ಒಳಗೆ ನಡೆಯೋದೂ ಅದೇ. ಕಂಬಕ್ಕೆ ಒರಗಿಸಿ, ಉಸಿರು ಬಿಗಿಹಿಡಿದು ಅದನ್ನೂ ತೆಗೆದೆ. 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದದ್ದು, 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದದ್ದು, ಎಲ್ಲ ಅಪ್ಪನಿಗೆ ಹೇಳಿದ್ದೇ ಹೇಳಿದ್ದು. ಅಪ್ಪ ಹೂಂಗುಟ್ತಾ ಬಂದ್ರು.

ಸಂಜೆ ಹೇಮಕೂಟ. ಕೌಂಟರ್ 36 ದಾಟಿತು. ಇನ್ನೊಂದು ಎಳೆದೆ, ಬಂತು. ಮತ್ತೊಂದು. ಅದೂ ಬಂತು, ಬೆಣ್ಣೆ ಥರ...

ಅಪ್ಪ ಮಾತಾಡದೆ ಕೈ ಚಾಚಿದ್ರು. ಗುಂಡಿನ ಒಂಚೂರು ತಿರುಗಿಸಿದ್ರು. ಬಿಗಿಯೇ ಇಲ್ಲ. ಹಿಂದಿನ ಬಾಗಿಲು ತೆಗೆದ್ರೆ ಫಿಲ್ಮಿನ ನಾಲಿಗೆ ಸ್ಪೂಲಿಂದ ಜಾರಿ ಹೊರಗೆ ಕೂತಿದೆ. ರೋಲು ಬೆಳಗ್ಗೆಯಿಂದ ಡಬ್ಬಿ ಬಿಟ್ಟು ಕದಲೇ ಇಲ್ಲ.

ನಂಗೆ ಅಳು ಬರೋದೊಂದು ಬಾಕಿ. ಬೈತಾರೆ ಅಂದ್ಕೊಂಡೆ. ಬಂಡೆ ಮೇಲೆ ಕೂತು ಅಪ್ಪ ಹೇಳಿದ್ರು, "ನಿಮ್ಮಮ್ಮನ ಸೀಮಂತದಲ್ಲೂ ಹಿಂಗೇ ಆಗಿತ್ತು."

ನಾನು ಹೊಟ್ಟೇಲಿದ್ದಾಗಿನ ಸೀಮಂತದ ಫೋಟೋ ನಮ್ಮನೇಲಿ ಒಂದೂ ಇಲ್ಲ. ಸ್ಟುಡಿಯೋದವನು ತೊಳೆಯುವಾಗ ರೋಲ್ ಹಾಳು ಮಾಡಿದ ಅಂತ ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದೀನಿ. ಸ್ಟುಡಿಯೋ ಹೋಗಿ ಅಲ್ಲೀಗ ಮೊಬೈಲ್ ಅಂಗಡಿ ಬಂದಿದೆ. ಆದ್ರೂ ಅಮ್ಮ ಆ ರಸ್ತೇಲಿ ಹೋಗುವಾಗೆಲ್ಲ ಅವನಿಗೆ ಶಾಪ ಹಾಕೇ ಹಾಕ್ತಾಳೆ.

"ಸ್ಟುಡಿಯೋಗೆ ಕೊಟ್ಟೇ ಇರ್ಲಿಲ್ಲ ಕಣೋ. ಹಸಿರು ಸೀರೆ ಉಟ್ಕೊಂಡು, ಬೆನ್ನು ನೋವು ಅಂತಾನೇ ಎರಡು ಗಂಟೆ ಕೂತಿದ್ಲು. ಹೆಂಗೆ ಹೇಳ್ಲಿ?"

ಆಮೇಲೆ ಅದೇ ರೋಲನ್ನ ಅಪ್ಪ ಮತ್ತೆ ಹಾಕಿದ್ರು, ನಿಧಾನಕ್ಕೆ, ಬೆರಳಲ್ಲಿ ಒತ್ತಿ ಹಿಡಿದು. ಲಿವರ್ ಎಳೆದು ಗುಂಡಿ ತಿರುಗೋದನ್ನ ನನ್ನ ಕಣ್ಮುಂದೆ ಹಿಡಿದು ತೋರಿಸಿದ್ರು. ಕತ್ತಲಾಗೋ ಮುಂಚೆ ಏಳು ಫೋಟೋ ಸಿಕ್ಕವು. ಒಂದರಲ್ಲಿ ಅಪ್ಪ ನಗ್ತಿದಾರೆ, ಫೋಕಸ್ ಸ್ವಲ್ಪ ತಪ್ಪಿದೆ.

ಮೊನ್ನೆ ಸ್ಕ್ಯಾನ್ ಬಂತು. ಅಮ್ಮ ಏಳನ್ನೂ ನೋಡಿ, "ಕಲ್ಲಿನ ರಥದ್ದು ಎಲ್ಲೋ?" ಅಂದ್ಲು.

ಅಪ್ಪ ಪೇಪರ್ ಮೇಲಿಂದ ನನ್ನ ನೋಡಿದ್ರು.

"ಲ್ಯಾಬಿನವರು ಹಾಳು ಮಾಡಿದ್ರಮ್ಮ" ಅಂದೆ.

(ಅಮ್ಮ ಬ್ಲಾಗ್ ಓದಲ್ಲ. ಓದೋರು ಯಾರಾದ್ರೂ ನಮ್ಮನೆಗೆ ಬಂದ್ರೆ ದಯವಿಟ್ಟು ಬಾಯಿ ಬಿಡ್ಬೇಡಿ. ಕಾಫಿ ಕೊಡಿಸ್ತೀನಿ.)