ಯಾರ ಪೈಕಿ?

ಚೋರನೂರಿನ ಕಡೆ ಹೊಸಬರನ್ನು ಮೊದಲು ಕೇಳುವುದು ಹೆಸರನ್ನಲ್ಲ. "ನೀವು ಯಾರ ಪೈಕಿ?" ಅಂತ. ಮನೆತನದ ಹೆಸರು ಬೇಕು, ಬೆಡಗು ಬೇಕು, ಹೆಣ್ಣು ಕೊಟ್ಟು ತಂದ ಊರುಗಳು ಬೇಕು. ಇದರಲ್ಲಿ ಬರೀ ಕುಹಕವಿದೆ ಎಂದರೆ ತಪ್ಪಾಗುತ್ತದೆ. ನಂಟು ಹುಡುಕುವ ಪ್ರೀತಿಯೂ ಇರುತ್ತದೆ. ದೂರದ ಸಂಬಂಧವೊಂದು ಸಿಕ್ಕಿಬಿಟ್ಟರೆ ಊಟ ಮಾಡದೆ ಎದ್ದು ಬರುವಂತಿಲ್ಲ.

ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಬದುಕಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರುಗಳನ್ನು ತಲೆಮಾರುಗಳ ಹಿಂದಿನಿಂದ ಹೇಳುತ್ತಾ ಬರುತ್ತಾರೆ. ಮೂಲ ಪುರುಷ ಯಾರು, ಯಾವ ಊರು ಬಿಟ್ಟು ಬಂದರು, ಯಾರು ಯಾರಿಗೆ ಪಾಲು ಕೊಟ್ಟರು, ಎಲ್ಲ. ಕೇಳುವಾಗ ಮೈ ಜುಮ್ಮೆನ್ನುತ್ತದೆ. ಕಾಳು ಹಾಕಿ, ಬಟ್ಟೆ ಕೊಟ್ಟು ಕಳಿಸುತ್ತಾರೆ.

ಬಸವಣ್ಣನನ್ನು ಓದುವಾಗ ನನಗೆ ಈ ಹೆಳವರು ನೆನಪಾಗುತ್ತಾರೆ. ನಮ್ಮದೇ ಸೀಮೆಯ ಹಂಪೆಯಲ್ಲಿ ವಿರೂಪಾಕ್ಷನನ್ನು ನೆಚ್ಚಿ ಬದುಕಿದ ಹರಿಹರ 'ಬಸವರಾಜದೇವರ ರಗಳೆ' ಬರೆದ. ಅದರಲ್ಲಿ ಬಾಗೇವಾಡಿಯ ಬ್ರಾಹ್ಮಣ ಮನೆಯ ಹುಡುಗ ಜನಿವಾರ ಕಿತ್ತೆಸೆದು, ಬಂಧುಬಳಗ ಬಿಟ್ಟು ಸಂಗಮದ ಹಾದಿ ಹಿಡಿಯುತ್ತಾನೆ. ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೇವೆ. ಕುಲ ಬಿಟ್ಟ, ದೊಡ್ಡವನಾದ ಎನ್ನುತ್ತೇವೆ.

ಆದರೆ ವಚನಗಳನ್ನು ನೋಡಿದರೆ ಅವನು ಕುಲ ಬಿಟ್ಟು ಸುಮ್ಮನೆ ಕೂರಲಿಲ್ಲ. ಹೊಸದೊಂದು ವಂಶಾವಳಿ ಕಟ್ಟಿಕೊಂಡ. ಮಾದಾರ ಚೆನ್ನಯ್ಯ, ತೊಗಲು ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯ, ಕಿನ್ನರಿ ಬೊಮ್ಮಯ್ಯ ಇವರನ್ನೆಲ್ಲ ಅಪ್ಪ ಅಣ್ಣ ಎಂದು ಕರೆದುಕೊಂಡ. ಅವರ ಮನೆಯ ದಾಸಿಯ ಮಗಳ ಹೊಟ್ಟೆಯಲ್ಲಿ ಹುಟ್ಟಿದವನು ತಾನು ಎಂದೂ ಹೇಳಿಕೊಂಡ. ನಂಬಿಕೆಗೂ ನೆಂಟರ ಭಾಷೆಯೇ ಬೇಕಾಯಿತು. ಹೆಳವರು ಹೇಳುವುದು ಇದ್ದ ಅಜ್ಜಂದಿರನ್ನು, ಇವನು ಹೇಳಿದ್ದು ತಾನು ಆರಿಸಿಕೊಂಡ ಅಜ್ಜಂದಿರನ್ನು. ಅದೂ ಬಿಜ್ಜಳನ ಭಂಡಾರಿಯಾಗಿದ್ದವನು, ಮೇಲಿನಿಂದ ಕೆಳಕ್ಕೆ ಇಳಿದು ಆರಿಸಿಕೊಂಡದ್ದು. ಸಾಮಾನ್ಯವಾಗಿ ಜನ ಸುಳ್ಳು ವಂಶಾವಳಿ ಬರೆಸುವುದು ಮೇಲಕ್ಕೆ ಹತ್ತಲಿಕ್ಕೆ.

ಶರಣರು ಇದಕ್ಕೊಂದು ಕಟ್ಟುನಿಟ್ಟನ್ನೂ ಮಾಡಿದ್ದರು. ಲಿಂಗದೀಕ್ಷೆಯಾದವನು ಗುರುವಿನ ಕೈಯಲ್ಲಿ ಮತ್ತೆ ಹುಟ್ಟಿದವನು, ಅವನ ಪೂರ್ವವನ್ನು ಕೆದಕಬಾರದು. ಇದನ್ನು ನಂಬಿಯೇ ಹರಳಯ್ಯ, ಮಧುವರಸರು ಬೀಗರಾದರು, ಕಲ್ಯಾಣದಲ್ಲಿ ಅದಕ್ಕಾಗಿ ಪ್ರಾಣ ಕೊಟ್ಟರು ಎನ್ನುತ್ತದೆ ಪರಂಪರೆ.

ನನ್ನ ಗೆಳೆಯನೊಬ್ಬ ಕಾಲೇಜಿನ ದಿನಗಳಲ್ಲಿ ದೀಕ್ಷೆ ತಗೊಂಡ. ಹುಟ್ಟಿದ್ದು ಬೇರೆ ಹಿಂದುಳಿದ ಜಾತಿಯಲ್ಲಿ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ತಣ್ಣೀರು ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದ. ನಾನು ಲಿಂಗಾಯತರ ಮನೆಯಲ್ಲಿ ಹುಟ್ಟಿದವನು. ನನ್ನ ಲಿಂಗ ಊರಲ್ಲಿ ಅಜ್ಜಿಯ ಟ್ರಂಕಿನಲ್ಲಿದೆ. ಅವನಿಗೆ ಹೆಣ್ಣು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಆ ಮನೆಯಲ್ಲಿ ದೊಡ್ಡ ಬಸವಣ್ಣನ ಫೋಟೊ. ಹಿರಿಯರು ಅವನ ಕೊರಳಿನ ಕರಡಿಗೆ ನೋಡಿ ಸಂತೋಷಪಟ್ಟರು, ಎರಡು ವಚನ ಹೇಳಿಸಿದರು. ಆಮೇಲೆ ಮೆಲ್ಲಗೆ, "ಮೂಲದಾಗೆ ಏನಪ್ಪಾ ನೀವು?" ಅಂದರು. ಅವನು ಹೇಳಿದ. ಮಾತು ಮಳೆ ಬೆಳೆ ಕಡೆ ತಿರುಗಿತು.

ಎಂಟು ಶತಮಾನ ಕಳೆದು, ಆರಿಸಿಕೊಂಡದ್ದು ಹುಟ್ಟಿನಿಂದ ಬರುವುದಾಗಿದೆ. ಅದರೊಳಗೆ ಒಳಪಂಗಡ, ಒಳಪಂಗಡದೊಳಗೆ ಬೆಡಗು. ಪ್ರತ್ಯೇಕ ಧರ್ಮ ಹೌದೋ ಅಲ್ಲವೋ ಎಂದು 2018ರಲ್ಲಿ ನಡೆದ ಗದ್ದಲದಲ್ಲೂ, ಹೊರಗಿಂದ ಬಂದವನೊಬ್ಬನಿಗೆ ನಮ್ಮಲ್ಲಿ ಹೆಣ್ಣು ಸಿಗುತ್ತದೋ ಇಲ್ಲವೋ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಅವನು ಫೋನ್ ಮಾಡಿದ್ದ. ಧರ್ಮಕ್ಕೊಂದು ಪ್ರಶ್ನೆ, ಜಾತಿಗೊಂದು. ಧರ್ಮ ಕೇಳಿದಾಗ ಲಿಂಗಾಯತ ಎಂದನಂತೆ. ಜಾತಿ ಕೇಳಿದಾಗ ಹುಟ್ಟಿದ ಜಾತಿಯನ್ನೇ ಹೇಳಿದನಂತೆ. ಸರ್ಟಿಫಿಕೇಟಿನಲ್ಲಿರುವುದು ಅದೇ, ಮೇಲಾಗಿ ಅಪ್ಪ ಅಮ್ಮ ಇನ್ನೂ ಆ ಕೇರಿಯಲ್ಲೇ ಇದ್ದಾರೆ. ಬರೆದುಕೊಳ್ಳುತ್ತಿದ್ದ ಮೇಷ್ಟ್ರು ತಲೆಯೆತ್ತಿ, "ಇವೆರಡು ಹೆಂಗ್ ಕೂಡ್ತಾವ್ರೀ?" ಅಂದರಂತೆ.

"ನೀನೇನಂದಿ?" ಎಂದು ಕೇಳಿದೆ.

"ನಾನ್ ಕೂಡ್ಸೀನಲ್ರೀ ಸರ, ಬರ್ಕಳ್ರಿ ಅಂದೆ."